ಮುಗಿಯದ ಪಯಣ

ಬೆಳಗಾವಿ ನಗರದ ಖಾಸಬಾಗವು ನೇಕಾರರ ನೆಲೆ. ಅಲ್ಲಿಯ ಮನೆಗಳಿಂದ ಮಗ್ಗದ ಸದ್ದು ಬಹುಕಾಲದಿಂದ ಕೇಳಿಬರುತ್ತಿದೆ. ನೇಯುವಾಗ ಎಳೆಯೊಂದು ಹರಿದರೆ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ಹರಿದ ತುದಿಗಳನ್ನು ಹುಡುಕಿ, ಗಂಟುಹಾಕಿ, ಮತ್ತೆ ಕೆಲಸಕ್ಕೆ ತೊಡಗುತ್ತಾನೆ. ಆದರೆ ಬದುಕಿನ ಎಳೆ ಒಮ್ಮೆ ಹರಿದರೆ ಅದನ್ನು ಕೂಡಿಸಬಲ್ಲ ನೇಕಾರನಿಲ್ಲ. ಬೆಂಗಳೂರಿನಿಂದ ಹೊರಟು ಬೆಳಗಾವಿಯನ್ನು ಹಾದು ಪುಣೆಗೆ ಸಾಗುವ ಹೆದ್ದಾರಿಯಲ್ಲಿ, ದಾವಣಗೆರೆಯ ಸಮೀಪದಲ್ಲಿ, 1990ರಲ್ಲಿ ಅಂಥ ಎಳೆಯೊಂದು ಹರಿಯಿತು. ಅಂದು ಕನ್ನಡ ನಾಡು ಕಳೆದುಕೊಂಡ ಕಲಾವಿದರೇ ಶಂಕರ್ ನಾಗ್.

ಶಂಕರ್ ನಾಗ್ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಜನಿಸಿದರು. ನಾಗರಕಟ್ಟೆ ಎಂಬುದು ಅವರ ಮನೆತನದ ಹೆಸರು. ಮನೆಯ ಮಾತು ಕೊಂಕಣಿ. ಹೆಸರಾಂತ ನಟರಾದ ಅನಂತ ನಾಗ್ ಅವರು ಇವರ ಅಣ್ಣ. ತರುಣ ಶಂಕರ್ ಮುಂಬಯಿ ನಗರವನ್ನು ಸೇರಿ ಅಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಆದರೆ ಅವರ ಮನಸ್ಸು ಲೆಕ್ಕದ ಪುಸ್ತಕಗಳಲ್ಲಿ ನಿಲ್ಲಲಿಲ್ಲ. ಆ ಕಾಲದಲ್ಲಿ ಮರಾಠಿ ರಂಗಭೂಮಿಯು ಹೊಸ ಪ್ರಯೋಗಗಳಿಂದ ತುಂಬಿ ತುಳುಕುತ್ತಿತ್ತು. ಅಲ್ಲಿ ಅವರು ನಾಟಕದ ಎಲ್ಲ ಮಗ್ಗುಲುಗಳನ್ನೂ ಕಲಿತರು. ಮುಂದೆ ಅವರ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದುದೂ ಆ ರಂಗಭೂಮಿಯಲ್ಲಿಯೇ.

1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಶಂಕರ್ ನಾಗ್ ಅವರು ಕೂಲಿಗಾಗಿ ಕತ್ತಿ ಹಿಡಿಯುವ ಯೋಧನ ಪಾತ್ರವನ್ನು ವಹಿಸಿದರು. ಕನ್ನಡದಲ್ಲಿ ಅವರ ಮೊದಲ ಚಿತ್ರವಾದರೂ ಅಭಿನಯದಲ್ಲಿ ಹೊಸಬನ ಅಳುಕಿರಲಿಲ್ಲ. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಪಾತ್ರಕ್ಕಾಗಿ ಅವರಿಗೆ ಉತ್ತಮ ನಟ ಪ್ರಶಸ್ತಿ ದೊರೆಯಿತು. ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ಸುಮಾರು ಎಂಬತ್ತು ಕನ್ನಡ ಚಿತ್ರಗಳಲ್ಲಿ ನಟಿಸಿದರು.

ಈ ಎಲ್ಲ ಚಿತ್ರಗಳಲ್ಲಿ ‘ಆಟೋ ರಾಜ’ ಎಂಬುದು ಅವರಿಗೆ ಬೇರೊಂದು ಬಗೆಯ ಪ್ರೀತಿಯನ್ನು ತಂದುಕೊಟ್ಟಿತು. ಬಾಡಿಗೆಗೆ ಆಟೋರಿಕ್ಷಾ ಓಡಿಸುವ ಸಾಮಾನ್ಯ ಮನುಷ್ಯನು ಆ ಕಥೆಯ ನಾಯಕ. ನಾಡಿನ ಆಟೋ ಚಾಲಕರು ಆ ಪಾತ್ರದಲ್ಲಿ ತಮ್ಮನ್ನೇ ಕಂಡುಕೊಂಡರು. ಶಂಕರ್ ನಾಗ್ ಅವರನ್ನು ಪ್ರೀತಿಯಿಂದ ಶಂಕರಣ್ಣನೆಂದು ಕರೆದರು. ಇಂದಿಗೂ ಅನೇಕ ಆಟೋಗಳ ಮೇಲೆ ಅವರ ಚಿತ್ರವನ್ನು ನಾವು ಕಾಣಬಹುದು.

ನಟನೆಯೊಂದರಿಂದಲೇ ಅವರಿಗೆ ತೃಪ್ತಿಯಿರಲಿಲ್ಲ. 1980ರಲ್ಲಿ ‘ಮಿಂಚಿನ ಓಟ’ ಚಿತ್ರವನ್ನು ನಿರ್ದೇಶಿಸಿದರು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ಸರಣಿಯನ್ನು ಮಲೆನಾಡಿನ ಆಗುಂಬೆಯಲ್ಲಿ ಚಿತ್ರಿಸಿದರು. ಆ ಸರಣಿಯ ಮೂಲಕ ಕರ್ನಾಟಕದ ಒಂದು ಪುಟ್ಟ ಊರು ದೇಶದ ಮನೆಮನೆಗಳಿಗೆ ಪರಿಚಿತವಾಯಿತು. ಇಷ್ಟೆಲ್ಲ ಕೆಲಸಗಳ ನಡುವೆಯೂ ಅವರು ನಾಟಕವನ್ನು ಕೈಬಿಡಲಿಲ್ಲ. ‘ಸಂಕೇತ್’ ತಂಡವನ್ನು ಕಟ್ಟಿ ಕನ್ನಡ ನಾಟಕಗಳನ್ನು ಆಡಿಸಿದರು. ಬೆಂಗಳೂರಿನಲ್ಲಿ ಧ್ವನಿಮುದ್ರಣ ಶಾಲೆಯೊಂದನ್ನು ಸ್ಥಾಪಿಸಿದರು. ಆ ನಗರಕ್ಕೆ ಮೆಟ್ರೋ ರೈಲು ಬೇಕೆಂದು ಆಗಲೇ ಚಿಂತಿಸಿದ್ದರು. ಅಲ್ಲಿ ಮೊದಲ ಮೆಟ್ರೋ ರೈಲು ಓಡಿದ್ದು 2011ರಲ್ಲಿ.

ಅವರು ನಿರ್ದೇಶಿಸಿದ ಚಿತ್ರಗಳಲ್ಲಿ ಒಂದನ್ನು ನಾವು ವಿಶೇಷವಾಗಿ ನೆನೆಯಬೇಕಾಗಿದೆ. ಅದರ ಹೆಸರು ‘ಆಕ್ಸಿಡೆಂಟ್’. ಅಧಿಕಾರಸ್ಥ ರಾಜಕಾರಣಿಯೊಬ್ಬನ ಮಗನು ಅಮಲಿನಲ್ಲಿ ಕಾರನ್ನು ಓಡಿಸಿ, ಕಾಲುದಾರಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಆ ಕೃತ್ಯವನ್ನು ಮುಚ್ಚಿಹಾಕಲು ಪ್ರಯತ್ನಗಳು ನಡೆಯುತ್ತವೆ. ಸತ್ಯವನ್ನು ಹೊರಗೆಡಹಲು ಹೊರಡುವ ಪತ್ರಕರ್ತನ ಪಾತ್ರವನ್ನು ಶಂಕರ್ ನಾಗ್ ಅವರೇ ವಹಿಸಿದರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ರಸ್ತೆಯ ಅಪಘಾತವೆಂಬುದು ಕೇವಲ ವಿಧಿಯ ಆಟವಲ್ಲ, ಅದರ ಹಿಂದೆ ಮನುಷ್ಯರ ನಡತೆಯೂ ಹೊಣೆಗೇಡಿತನವೂ ಇರುತ್ತವೆ ಎಂಬುದನ್ನು ಆ ಚಿತ್ರವು ಜನರ ಮುಂದಿಟ್ಟಿತು.

ಹೀಗೆ ಎಚ್ಚರಿಸಿದ ಕಲಾವಿದರನ್ನೇ ರಸ್ತೆಯು ಬಲಿ ತೆಗೆದುಕೊಂಡಿತು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕವಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕವು ಚಲನಚಿತ್ರವಾಗಲಿತ್ತು. ಆ ಕೆಲಸದ ನಿಮಿತ್ತ ಶಂಕರ್ ನಾಗ್ ಅವರು ಪತ್ನಿ ಮತ್ತು ಪುಟ್ಟ ಮಗಳೊಡನೆ ಕಾರಿನಲ್ಲಿ ಉತ್ತರ ಕರ್ನಾಟಕದತ್ತ ಹೊರಟಿದ್ದರು. 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಾವಣಗೆರೆಯ ಸಮೀಪದ ಆನಗೋಡಿನ ಬಳಿ ಕಾರು ಅಪಘಾತಕ್ಕೀಡಾಯಿತು. ಪತ್ನಿಯೂ ಮಗಳೂ ಬದುಕಿ ಉಳಿದರು. ಶಂಕರ್ ನಾಗ್ ಉಳಿಯಲಿಲ್ಲ. ಆಗ ಅವರ ವಯಸ್ಸು ಕೇವಲ ಮೂವತ್ತೈದು. ಮುಂಜಾನೆ ಸುದ್ದಿ ಹಬ್ಬಿದಾಗ ನಾಡಿಗೆ ನಾಡೇ ಮರುಗಿತು.

ಆ ಕಾಲದಲ್ಲಿ ನಮ್ಮ ದೇಶದ ಕಾರುಗಳಿಗೆ ಸೀಟ್ ಬೆಲ್ಟ್ ಎಂಬ ಸುರಕ್ಷಾ ಪಟ್ಟಿಯು ಕಡ್ಡಾಯವಾಗಿರಲಿಲ್ಲ. ಸ್ವೀಡನ್ ದೇಶದ ಎಂಜಿನಿಯರ್ ನಿಲ್ಸ್ ಬೋಲಿನ್ ಅವರು ಸೊಂಟವನ್ನೂ ಎದೆಯನ್ನೂ ಒಟ್ಟಿಗೆ ಹಿಡಿಯುವ ಪಟ್ಟಿಯನ್ನು ರೂಪಿಸಿದ್ದರು. ಅದು 1959ರಲ್ಲಿಯೇ ವೋಲ್ವೊ ಕಾರುಗಳಲ್ಲಿ ಬಳಕೆಗೆ ಬಂದಿತ್ತು. ನಮ್ಮಲ್ಲಿ 1993ರ ನಿಯಮಗಳ ತಿದ್ದುಪಡಿಯ ಬಳಿಕ ಹೊಸ ಕಾರುಗಳ ಮುಂದಿನ ಆಸನಗಳಿಗೆ ಅದು ಕಡ್ಡಾಯವಾಯಿತು. ಹಿಂದಿನ ಆಸನಗಳಿಗೆ ಅನಂತರ ಬಂದಿತು. ಚಾಲಕನ ಮುಂದಿನ ಏರ್‌ಬ್ಯಾಗ್ ಎಂಬ ಗಾಳಿಚೀಲವು 2019ರಲ್ಲಿ ಕಡ್ಡಾಯವಾಯಿತು. ಕಳೆದುಹೋದುದನ್ನು ಕುರಿತು ಹೀಗಿದ್ದಿದ್ದರೆ, ಹಾಗಿದ್ದಿದ್ದರೆ ಎಂದು ಊಹಿಸುತ್ತ ಕೂರುವುದರಿಂದ ಫಲವಿಲ್ಲ. ಆದರೆ ಅಂದು ಇಲ್ಲದಿದ್ದ ಸಾಧನಗಳು ಇಂದು ನಮ್ಮ ಕೈಗೆಟಕುವಂತಿರುವಾಗ ಅವುಗಳನ್ನು ಅಲಕ್ಷಿಸುವುದು ಸರಿಯೆ?

ಈ ಪಟ್ಟಿಯ ಪ್ರಯೋಜನವನ್ನು ತಿಳಿಯಲು ವಿಜ್ಞಾನದ ಪಾಠದಲ್ಲಿ ಓದಿದ ಜಡತ್ವದ ನಿಯಮವನ್ನು ನೆನೆದರೆ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನೊಳಗೆ ಕುಳಿತವರೂ ಅದೇ ವೇಗದಲ್ಲಿ ಚಲಿಸುತ್ತಿರುತ್ತಾರೆ. ಕಾರು ಏನಕ್ಕಾದರೂ ಬಡಿದು ಥಟ್ಟನೆ ನಿಂತರೆ ಅವರ ದೇಹವು ನಿಲ್ಲುವುದಿಲ್ಲ. ಅದೇ ವೇಗದಿಂದ ಮುಂದಕ್ಕೆ ಸಾಗುತ್ತದೆ. ಆ ಹೊಡೆತವು ಸುಮಾರು 14 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದುದಕ್ಕೆ ಸಮ. ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕುಳಿತವನು ತನಗೆ ಮಾತ್ರವಲ್ಲ, ಮುಂದೆ ಕುಳಿತವರಿಗೂ ಅಪಾಯವನ್ನು ತರುತ್ತಾನೆ.

ಪಟ್ಟಿಯನ್ನು ಧರಿಸುವುದರಲ್ಲಿಯೂ ಒಂದು ಕ್ರಮವುಂಟು. ಅದರ ಕೆಳಭಾಗವು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ತಗ್ಗಾಗಿ ಕೂರಬೇಕು. ಮೇಲ್ಭಾಗವು ಭುಜದಿಂದ ಎದೆಯ ನಡುವೆ ಹಾದುಹೋಗಬೇಕು. ಅದನ್ನು ಕಂಕುಳ ಕೆಳಗೆ ಸೇರಿಸುವುದಾಗಲಿ, ಸಡಿಲವಾಗಿ ಅಥವಾ ತಿರುಚಿಕೊಂಡಂತೆ ಬಿಡುವುದಾಗಲಿ ಸಲ್ಲದು. ಗಾಳಿಚೀಲವು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಅದು ಪಟ್ಟಿಗೆ ಬದಲಿಯಲ್ಲ, ಜೊತೆಗಾರ. ಪಟ್ಟಿಯನ್ನು ಧರಿಸದೆ ಮುಂದಕ್ಕೆ ಚಿಮ್ಮುವವನಿಗೆ ಆ ಚೀಲದ ರಭಸವೇ ಕೇಡಾಗಬಹುದು. ಆದುದರಿಂದ ಚಾಲಕನ ಎದೆಗೂ ಸ್ಟೀರಿಂಗ್ ಚಕ್ರಕ್ಕೂ ನಡುವೆ 25 ಸೆಂಟಿಮೀಟರಿನಷ್ಟಾದರೂ ಅಂತರವಿರಬೇಕು. ಎಳೆಯ ಮಕ್ಕಳನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಹಿಂದಿನ ಆಸನದಲ್ಲಿ, ಅವರ ಅಳತೆಗೆ ತಕ್ಕ ಪೀಠದಲ್ಲಿ ಕೂರಿಸಬೇಕು.

ಶಂಕರ್ ನಾಗ್ ಅವರ ಕನಸುಗಳು ಅವರೊಡನೆ ಅಳಿಯಲಿಲ್ಲ. ಅಪಘಾತದಲ್ಲಿ ಬದುಕುಳಿದ ಅರುಂಧತಿ ನಾಗ್ ಅವರು ಅನೇಕರ ನೆರವಿನಿಂದ ಬೆಂಗಳೂರಿನಲ್ಲಿ ‘ರಂಗಶಂಕರ’ ಎಂಬ ನಾಟಕಮಂದಿರವನ್ನು ಕಟ್ಟಿಸಿದರು. 2004ರಲ್ಲಿ ಅದರ ಬಾಗಿಲು ತೆರೆಯಿತು. ಬದುಕಿ ಉಳಿದ ಒಂದು ಜೀವವು ಎಷ್ಟನ್ನು ಸಾಧಿಸಬಲ್ಲುದೆಂಬುದಕ್ಕೆ ಆ ಮಂದಿರವೇ ಸಾಕ್ಷಿ. ಹಾಗಿರುವಾಗ, ಅಕಾಲದಲ್ಲಿ ಅಳಿದ ಒಂದು ಜೀವದೊಡನೆ ನಾಡು ಎಷ್ಟನ್ನು ಕಳೆದುಕೊಂಡಿತೆಂಬುದನ್ನು ಲೆಕ್ಕ ಹಾಕುವವರಾರು?

ಕಾರಿನ ಸುರಕ್ಷಾ ಪಟ್ಟಿಯೂ ನೇಯ್ಗೆಯ ವಸ್ತುವೇ ಆಗಿದೆ. ಅದರ ಎಳೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ದುರ್ಬಲ. ಹಾಸುಹೊಕ್ಕಾಗಿ ಕೂಡಿದಾಗ ಅವು ಚಿಮ್ಮಿ ಹೋಗುವ ಮನುಷ್ಯನನ್ನು ತಡೆದು ನಿಲ್ಲಿಸುತ್ತವೆ. ಖಾಸಬಾಗದ ನೇಕಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿದ ಮೇಲೆ ಗಂಟುಹಾಕುವುದಕ್ಕಿಂತ ಹರಿಯದಂತೆ ನೋಡಿಕೊಳ್ಳುವುದೇ ಮೇಲೆಂಬುದನ್ನು ಅವರು ಬಲ್ಲರು. ಕಾರು ಹತ್ತಿದೊಡನೆ ಪಟ್ಟಿಯನ್ನು ಧರಿಸುವುದಕ್ಕೆ ಎರಡು ಕ್ಷಣ ಸಾಕು. ಆ ಎರಡು ಕ್ಷಣಗಳನ್ನು ನಾವು ಕೊಡುವುದಲ್ಲದೆ, ನಮ್ಮ ಮನೆಯ ಹಿರಿಯರಿಗೂ ವಿನಯದಿಂದ ನೆನಪಿಸಿದರೆ, ಎಷ್ಟೋ ಪಯಣಗಳು ಅರ್ಧದಾರಿಯಲ್ಲಿ ನಿಲ್ಲದೆ ಮನೆಯ ಬಾಗಿಲನ್ನು ಮುಟ್ಟುವುವು.