ಅಳಿಯ ರಾಮರಾಯ

ಹುಲಿಹೈದರ, ಕನಕಗಿರಿ, ಗಂಗಾವತಿ ಪರಿಸರವು ವಿಜಯನಗರ ರಾಜಧಾನಿಗೆ ಉತ್ತರದಲ್ಲಿ, ತುಂಗಭದ್ರಾ ನದಿಯ ಆಚೆ ದಡದಲ್ಲಿರುವ ಸೀಮೆಯಾಗಿದೆ. ರಾಜಧಾನಿಯ ಏರಿಳಿತಗಳೆಲ್ಲವೂ ಈ ಸೀಮೆಯನ್ನು ತಟ್ಟಿದ್ದು, ಅವುಗಳಲ್ಲಿ ಅಳಿಯ ರಾಮರಾಯನ ಕಾಲದ ಘಟನೆಗಳು ಮುಖ್ಯವಾದವು.

ಅರವೀಡು ಮನೆತನದ ಶ್ರೀರಂಗನ ಪುತ್ರನಾದ ರಾಮರಾಯನು ಶ್ರೀಕೃಷ್ಣದೇವರಾಯನ ಮಗಳನ್ನು ವಿವಾಹವಾಗಿ ಅಳಿಯನೆಂದೇ ಪ್ರಸಿದ್ಧನಾದನು. ಕ್ರಿ.ಶ. 1529ರಲ್ಲಿ ಕೃಷ್ಣದೇವರಾಯನು ಕಾಲವಾಗಿ, ಆತನ ಸಹೋದರ ಅಚ್ಯುತರಾಯನು ಪಟ್ಟಕ್ಕೆ ಬಂದನು. ಅಂದಿನಿಂದ ಆಸ್ಥಾನದಲ್ಲಿ ಎರಡು ಬಂಧುವರ್ಗಗಳು ಎದುರುಬದುರಾದವು. ಒಂದು, ರಾಮರಾಯ ಹಾಗೂ ಆತನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರದು. ಮತ್ತೊಂದು, ಪಟ್ಟದರಸಿ ವರದಾಂಬಿಕೆಯ ಸಹೋದರರಾದ ಸಲಕರಾಜುಗಳದು.

1542ರಲ್ಲಿ ಅಚ್ಯುತರಾಯನು ಮರಣ ಹೊಂದಲು, ಬಾಲಕನಾದ ಆತನ ಮಗ ವೆಂಕಟನಿಗೆ ಪಟ್ಟವಾಯಿತು. ರಕ್ಷಕನಾಗಬೇಕಿದ್ದ ಸೋದರಮಾವ ಸಲಕರಾಜು ತಿರುಮಲನೇ ಬಾಲಕನನ್ನು ಕೊಲ್ಲಿಸಿ ಸಿಂಹಾಸನವನ್ನೇರಿದನು. ರಾಮರಾಯನು ಗುತ್ತಿ ಕೋಟೆಯಲ್ಲಿ ಸೆರೆಯಲ್ಲಿದ್ದ ಅಚ್ಯುತರಾಯನ ಸಹೋದರನ ಮಗ ಸದಾಶಿವನನ್ನು ಬಿಡಿಸಿ, ಅವನೇ ನಿಜವಾದ ಹಕ್ಕುದಾರನೆಂದು ಸಾರಿದನು. ಬಳಿಕ ಸಲಕರಾಜುವನ್ನು ಯುದ್ಧದಲ್ಲಿ ಸೋಲಿಸಿ ಕೊಂದು, ಸದಾಶಿವನಿಗೆ ಪಟ್ಟ ಕಟ್ಟಿದನು.

ಆದರೆ ಬಿಡುಗಡೆ ಹೊಂದಿದ ಅರಸನು ಸ್ವತಂತ್ರನಾಗಲಿಲ್ಲ. ಸೈನ್ಯ, ಬೊಕ್ಕಸ ಮತ್ತು ಉನ್ನತ ಅಧಿಕಾರಗಳು ಅರವೀಡು ಬಂಧುಗಳ ಕೈಸೇರಿದವು. ಕಾಲಕ್ರಮೇಣ ಸದಾಶಿವನು ಅರಮನೆಯಲ್ಲೇ ಬಂಧಿಯಾದನು. ಶಾಸನಗಳಲ್ಲಿ ಮಾತ್ರ ಅವನ ಹೆಸರು ಮುಂದುವರಿಯಿತು. ಸಲಕರಾಜುವಿನಂತೆ ಅರಸನ ರಕ್ತ ಹರಿಸಲಿಲ್ಲವೆಂಬುದನ್ನು ಬಿಟ್ಟರೆ, ಈ ವಿಷಯದಲ್ಲಿ ರಾಮರಾಯನನ್ನು ಸಮರ್ಥಿಸುವುದು ಕಷ್ಟ.

ಆಡಳಿತದಲ್ಲಿ ಆತನು ದಕ್ಷನಾಗಿದ್ದನು. ಕ್ಷೌರಿಕ ವೃತ್ತಿಯವರಿಗೆ ತೆರಿಗೆ ವಿನಾಯಿತಿ ದೊರೆತ ಸಂಗತಿಯು ಬಾದಾಮಿ ಮೊದಲಾದೆಡೆಗಳ ಶಾಸನಗಳಲ್ಲಿ ದಾಖಲಾಗಿದೆ. ದಖ್ಖನ್ನಿನ ಸುಲ್ತಾನರ ಪರಸ್ಪರ ವೈಮನಸ್ಯವನ್ನು ಬಳಸಿಕೊಂಡು ಸುಮಾರು ಎರಡು ದಶಕಗಳ ಕಾಲ ಮೇಲುಗೈ ಸಾಧಿಸಿದನು. ಕೊನೆಗೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಹಾಗೂ ಬೀದರಗಳು ಒಂದಾದವು. 1565ರ ಜನವರಿಯಲ್ಲಿ ಕೃಷ್ಣಾ ತೀರದ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವೃದ್ಧನಾಗಿದ್ದ ರಾಮರಾಯನು ಸೆರೆಸಿಕ್ಕಿ, ರಣರಂಗದಲ್ಲಿಯೇ ಶಿರಚ್ಛೇದನಕ್ಕೊಳಗಾದನು. ತಮ್ಮ ತಿರುಮಲನು ಸದಾಶಿವನನ್ನೂ ಬೊಕ್ಕಸವನ್ನೂ ಕರೆದೊಯ್ದು ಪೆನುಕೊಂಡೆಯಲ್ಲಿ ನೆಲೆಸಿ, ಸುಮಾರು 1570ರಲ್ಲಿ ತಾನೇ ಪಟ್ಟಾಭಿಷಿಕ್ತನಾದನು. ತುಂಗಭದ್ರೆಯ ಉತ್ತರದ ಈ ಸೀಮೆಯು ಬಿಜಾಪುರದ ಅಧೀನಕ್ಕೆ ಒಳಪಟ್ಟಿತು.