ಹೆಬ್ಬೆರಳಿನ ಗಿಟಾರ್: ವೆಸ್ ಮಾಂಟ್‌ಗೊಮೆರಿಯನ್ನು ಎಲ್ಲಿಂದ ಕೇಳೋಕೆ ಶುರು ಮಾಡೋದು?

ಲ್ಯಾಬ್ ರೆಕಾರ್ಡ್ ಬರೆಯುವಾಗ ಪಕ್ಕದಲ್ಲಿ ಏನಾದರೂ ಮೆಲ್ಲಗೆ ಕೇಳ್ತಾ ಇರಬೇಕು. ಅದರಲ್ಲಿ ಮಾತು ಇರಬಾರದು, ಕೇಳಿ ನಿದ್ದೆನೂ ಬರಬಾರದು. ನಮ್ಮ ಹಾಸ್ಟೆಲ್ ರೂಮಿನಲ್ಲಿ ಇದಕ್ಕೆ ಅಂತಲೇ ಒಂದು ಸ್ಮೂತ್ ಜಾಝ್ ಪ್ಲೇಲಿಸ್ಟ್ ಇದೆ. ಯಾರು ನುಡಿಸ್ತಿದ್ದಾರೆ ಅಂತ ನಾವು ಯಾವತ್ತೂ ನೋಡಿರಲಿಲ್ಲ. ಒಂದು ರಾತ್ರಿ ಮಾತ್ರ ಒಂದು ಗಿಟಾರ್ ಕೇಳಿ ಮೂವರೂ ಪೆನ್ ಕೆಳಗಿಟ್ಟೆವು. ಅದರ ನಾದ ದುಂಡಗೆ, ಬೆಚ್ಚಗೆ ಇತ್ತು. ಒಂದೇ ಗಿಟಾರ್ ಎರಡು ಗಿಟಾರ್ ಥರ ಕೇಳಿಸ್ತಿತ್ತು. ಹೆಸರು ನೋಡಿದರೆ ವೆಸ್ ಮಾಂಟ್‌ಗೊಮೆರಿ. ಆಲ್ಬಂ ‘ಎ ಡೇ ಇನ್ ದ ಲೈಫ್’, 1967ರದ್ದು.

ಮರುದಿನ ಜಾಝ್ ಕೇಳೋ ಸೀನಿಯರ್ ಒಬ್ಬರಿಗೆ ಇದನ್ನು ಹೇಳಿದಾಗ ಅವರು ಮೂಗು ಮುರಿದರು. ಅದು ಲಿಫ್ಟ್‌ನಲ್ಲಿ ಹಾಕೋ ಮ್ಯೂಸಿಕ್, ನಿಜವಾದ ಜಾಝ್ ಬೇಕಿದ್ದರೆ ಇದೇ ಮನುಷ್ಯನ 1960ರ ಆಲ್ಬಂ ಕೇಳಿ ಅಂತ ಹೇಳಿ ಹೋದರು. ಅದನ್ನೂ ಕೇಳಿದೆವು, ಅದೂ ಇಷ್ಟವಾಯಿತು. ಆದರೆ ಎರಡೂ ಎಷ್ಟು ಬೇರೆ! ಏಳು ವರ್ಷದಲ್ಲಿ ಒಬ್ಬ ಕಲಾವಿದ ಅಲ್ಲಿಂದ ಇಲ್ಲಿಗೆ ಬಂದಿದ್ದು ಹೇಗೆ? ಹುಡುಕಿಕೊಂಡು ಹೋದಾಗ ಅವರ ಬದುಕಿನ ಕಥೆ ಸಿಕ್ಕಿತು. ಆಲ್ಬಂ ಹೆಸರು ಹೇಳೋ ಮೊದಲು ಆ ಕಥೆ ಹೇಳ್ತೀವಿ, ಯಾಕಂದ್ರೆ ಅದು ಗೊತ್ತಾದ ಮೇಲೆ ನಾವು ಕೇಳೋ ರೀತಿನೇ ಬದಲಾಯಿತು.

ವೆಸ್ ಹುಟ್ಟಿದ್ದು 1923ರ ಮಾರ್ಚ್ 6ರಂದು, ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ. ಪೂರ್ತಿ ಹೆಸರು ಜಾನ್ ಲೆಸ್ಲಿ ಮಾಂಟ್‌ಗೊಮೆರಿ. ಮನೆಯಲ್ಲಿ ಸಂಗೀತ ಇತ್ತು. ಅಣ್ಣ ಮಾಂಕ್ ಮುಂದೆ ಬೇಸ್ ವಾದಕರಾದರು, ತಮ್ಮ ಬಡಿ ಪಿಯಾನೋ ಮತ್ತು ವೈಬ್ರಾಫೋನ್ ನುಡಿಸಿದರು. ವೆಸ್ ಚಿಕ್ಕವರಿದ್ದಾಗ ಅಣ್ಣ ಅವರಿಗೆ ನಾಲ್ಕು ತಂತಿಯ ಟೆನರ್ ಗಿಟಾರ್ ತಂದುಕೊಟ್ಟಿದ್ದರು. ಆದರೆ ಅವರು ಆರು ತಂತಿಯ ಗಿಟಾರನ್ನು ಸೀರಿಯಸ್ ಆಗಿ ಹಿಡಿದದ್ದು ಹತ್ತೊಂಬತ್ತು-ಇಪ್ಪತ್ತರ ವಯಸ್ಸಿನಲ್ಲಿ, ಮದುವೆಯ ಆಸುಪಾಸಿನಲ್ಲಿ. ಅಂದ್ರೆ ಈಗ ನಮ್ಮ ವಯಸ್ಸು! ಸಂಗೀತ ಕಲಿಯೋಕೆ ಲೇಟ್ ಆಯ್ತು ಅಂತ ನಾವೆಲ್ಲ ಕೈಬಿಡೋ ಟೈಮಿನಲ್ಲಿ ಅವರು ಶುರು ಮಾಡಿದರು.

ಅದಕ್ಕೆ ಕಾರಣ ಒಂದು ರೆಕಾರ್ಡ್. ಚಾರ್ಲಿ ಕ್ರಿಶ್ಚಿಯನ್ ಅನ್ನೋ ಗಿಟಾರ್ ವಾದಕರು ಬೆನ್ನಿ ಗುಡ್‌ಮನ್ ತಂಡದ ಜೊತೆ ನುಡಿಸಿದ ‘ಸೋಲೋ ಫ್ಲೈಟ್’. ಜಾಝ್‌ನಲ್ಲಿ ಗಿಟಾರ್ ಅಂದ್ರೆ ಹಿಂದೆ ಕೂತು ತಾಳ ಹಿಡಿಯೋ ವಾದ್ಯ ಅಂತಿದ್ದ ಕಾಲದಲ್ಲಿ, ಎಲೆಕ್ಟ್ರಿಕ್ ಗಿಟಾರಿನಿಂದ ಅದನ್ನು ಮುಂದೆ ತಂದವರಲ್ಲಿ ಚಾರ್ಲಿ ಮುಖ್ಯರು. ಅವರು 1942ರಲ್ಲಿ, ಬರೀ 25ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ವೆಸ್ ಅವರ ರೆಕಾರ್ಡುಗಳನ್ನು ಮತ್ತೆ ಮತ್ತೆ ಹಾಕಿ, ಒಂದೊಂದು ಸ್ವರವನ್ನೂ ಕಿವಿಯಿಂದಲೇ ಹಿಡಿದು ಕಲಿತರು. ಗುರು ಇರಲಿಲ್ಲ. ನೊಟೇಶನ್ ಓದೋದನ್ನು ಅವರು ಕೊನೆವರೆಗೂ ಕಲಿಯಲಿಲ್ಲ. ಊರಿನ ಒಂದು ಕ್ಲಬ್‌ನಲ್ಲಿ ಮೊದಲ ಕೆಲಸ ಸಿಕ್ಕಿದ್ದೂ ಚಾರ್ಲಿಯ ಸೋಲೋಗಳನ್ನು ಹಾಗೇ ನುಡಿಸೋದಕ್ಕೆ.

ಈಗ ಆ ದುಂಡನೆಯ ನಾದದ ವಿಷಯ. ಗಿಟಾರ್‌ನ ತಂತಿಯನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಪಿಕ್‌ನಿಂದ ಮೀಟ್ತಾರೆ. ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡಿದರೆ ಅಕ್ಕಪಕ್ಕದ ಮನೆಯವರಿಗೆ ತೊಂದರೆ. ಹಾಗಾಗಿ ವೆಸ್ ಪಿಕ್ ಬಿಟ್ಟು ಹೆಬ್ಬೆರಳಿನ ಮೆತ್ತನೆ ಭಾಗದಿಂದ ಮೀಟೋಕೆ ಶುರು ಮಾಡಿದರು. ಆಮೇಲೆ ಅದೇ ಅಭ್ಯಾಸವಾಯಿತು, ಅದೇ ಅವರ ಗುರುತಾಯಿತು.

ಎರಡು ಗಿಟಾರ್ ಥರ ಕೇಳಿಸಿದ್ದಕ್ಕೆ ಕಾರಣ ಆಕ್ಟೇವ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಮಧ್ಯ ಸ್ಥಾಯಿಯ ಸ ಮತ್ತು ತಾರ ಸ್ಥಾಯಿಯ ಸ ಎರಡನ್ನೂ ಒಟ್ಟಿಗೆ ಮೀಟೋದು. ಒಂದು 220 ಹರ್ಟ್ಝ್ ಇದ್ದರೆ ಇನ್ನೊಂದು 440. ಈ ಎರಡು ಸ್ವರಗಳ ತಂತಿಗಳ ಮಧ್ಯೆ ಇನ್ನೊಂದು ತಂತಿ ಇರುತ್ತೆ, ಅದು ಸದ್ದು ಮಾಡದ ಹಾಗೆ ಎಡಗೈ ಬೆರಳಿನಿಂದ ಮೆಲ್ಲಗೆ ಮುಟ್ಟಿ ಹಿಡಿಯಬೇಕು. ಹೀಗೆ ಒಂದೆರಡು ಸ್ವರ ನುಡಿಸೋದೇ ಕಷ್ಟ. ವೆಸ್ ಇಡೀ ಸೋಲೋವನ್ನೇ ಹೀಗೆ ಓಡಿಸ್ತಿದ್ದರು. ಅವರ ಸೋಲೋಗಳಿಗೆ ಒಂದು ಕ್ರಮ ಇದೆ: ಮೊದಲು ಒಂಟಿ ಸ್ವರಗಳು, ಆಮೇಲೆ ಆಕ್ಟೇವ್, ಕೊನೆಗೆ ಪೂರ್ತಿ ಕಾರ್ಡ್‌ಗಳು. ಇದನ್ನು ಒಮ್ಮೆ ಗಮನಿಸಿದರೆ ಜಾಝ್ ಅರ್ಥ ಆಗಲ್ಲ ಅನ್ನೋ ಭಯ ಅರ್ಧ ಹೋಗುತ್ತೆ.

1948ರಿಂದ 1950ರವರೆಗೆ ವೆಸ್ ಲಯನೆಲ್ ಹ್ಯಾಂಪ್ಟನ್ ಅವರ ದೊಡ್ಡ ತಂಡದಲ್ಲಿ ಊರೂರು ಸುತ್ತಿದರು. ವಿಮಾನ ಅಂದ್ರೆ ಅವರಿಗೆ ಭಯ, ಎಷ್ಟು ದೂರ ಆದರೂ ಕಾರು ಓಡಿಸಿಕೊಂಡು ಹೋಗ್ತಿದ್ದರು. ಮನೆ ಬಿಟ್ಟಿರೋದು ಕಷ್ಟವಾಗಿ ಇಂಡಿಯಾನಾಪೊಲಿಸ್‌ಗೆ ವಾಪಸ್ ಬಂದರು. ಮನೆ ತುಂಬ ಮಕ್ಕಳು, ಕ್ಲಬ್ ದುಡ್ಡಿನಲ್ಲಿ ಸಂಸಾರ ನಡೀತಿರಲಿಲ್ಲ. ರೇಡಿಯೋ ಬಿಡಿಭಾಗ ಮಾಡೋ ಫ್ಯಾಕ್ಟರಿಗೆ ಸೇರಿದರು. ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಶಿಫ್ಟ್. ರಾತ್ರಿ 9ಕ್ಕೆ ಒಂದು ಕ್ಲಬ್. ಅದು ಮುಗಿದ ಮೇಲೆ ಮಿಸೈಲ್ ರೂಮ್ ಅನ್ನೋ ಇನ್ನೊಂದು ಜಾಗದಲ್ಲಿ 2:30ರಿಂದ ಬೆಳಗಿನ ಜಾವ 5ರವರೆಗೆ. ಮತ್ತೆ 7ಕ್ಕೆ ಫ್ಯಾಕ್ಟರಿ. ಎಕ್ಸಾಮ್ ವಾರದಲ್ಲಿ ಎರಡು ದಿನ ನಿದ್ದೆಗೆಟ್ಟರೆ ನಾವು ಊರಿಗೆಲ್ಲ ಹೇಳಿಕೊಂಡು ಓಡಾಡ್ತೀವಿ. ಅವರು ವರ್ಷಗಟ್ಟಲೆ ಹೀಗೇ ಬದುಕಿದರು.

1959ರಲ್ಲಿ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಆ ಊರಿಗೆ ಬಂದವರು ಮಿಸೈಲ್ ರೂಮ್‌ಗೆ ಹೋಗಿ ವೆಸ್ ನುಡಿಸಿದ್ದನ್ನು ಕೇಳಿದರು. ನ್ಯೂಯಾರ್ಕಿನ ರಿವರ್‌ಸೈಡ್ ರೆಕಾರ್ಡ್ಸ್‌ನ ಓರಿನ್ ಕೀಪ್‌ನ್ಯೂಸ್‌ಗೆ ಈ ಮನುಷ್ಯನನ್ನು ಬಿಡಬೇಡಿ ಅಂತ ಒತ್ತಾಯ ಮಾಡಿದರು. ಕೀಪ್‌ನ್ಯೂಸ್ ಬಂದು ಕೇಳಿ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಿವರ್‌ಸೈಡ್‌ಗೆ ಮೊದಲ ಆಲ್ಬಂ ರೆಕಾರ್ಡ್ ಆಯಿತು. ವೆಸ್‌ಗೆ ಆಗ 36 ವರ್ಷ.

1960ರ ಜನವರಿಯಲ್ಲಿ ರೆಕಾರ್ಡ್ ಆದ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್ ಆಫ್ ವೆಸ್ ಮಾಂಟ್‌ಗೊಮೆರಿ’ ಅವರನ್ನು ಜಾಝ್ ಲೋಕದ ಮುಂದೆ ನಿಲ್ಲಿಸಿತು. ನಮ್ಮ ಸೀನಿಯರ್ ಹೇಳಿದ್ದು ಇದನ್ನೇ. 1961ರಲ್ಲಿ ಜಾನ್ ಕೋಲ್ಟ್ರೇನ್ ಅವರ ತಂಡದ ಜೊತೆ ಮಾಂಟೆರೆ ಜಾಝ್ ಉತ್ಸವದಲ್ಲಿ ನುಡಿಸಿದರು. ಹೆಸರು ಬಂತು, ದುಡ್ಡು ಮಾತ್ರ ಅಷ್ಟಾಗಿ ಬರಲಿಲ್ಲ. 1964ರಲ್ಲಿ ರಿವರ್‌ಸೈಡ್ ಕಂಪನಿಯೇ ದಿವಾಳಿ ಆಯಿತು.

ವೆಸ್ ವರ್ವ್ ಕಂಪನಿಗೆ ಹೋದರು. ಅಲ್ಲಿನ ನಿರ್ಮಾಪಕ ಕ್ರೀಡ್ ಟೇಲರ್ ಯೋಚನೆ ಬೇರೆ ಥರ ಇತ್ತು. ರೇಡಿಯೋದಲ್ಲಿ ಜನ ಆಗಲೇ ಕೇಳಿರೋ ಪಾಪ್ ಹಾಡುಗಳನ್ನು ವೆಸ್ ಕೈಲಿ ನುಡಿಸೋದು, ಹಿಂದೆ ದೊಡ್ಡ ವಾದ್ಯವೃಂದ ಇಡೋದು, ಹಾಡು ಚಿಕ್ಕದಾಗಿರೋದು. ‘ಗೋಯಿನ್ ಔಟ್ ಆಫ್ ಮೈ ಹೆಡ್’ಗೆ ಗ್ರ್ಯಾಮಿ ಬಂತು. 1967ರಲ್ಲಿ ಟೇಲರ್ ಜೊತೆಗೇ ಎ ಅಂಡ್ ಎಂ ಕಂಪನಿಗೆ ಹೋಗಿ ‘ಎ ಡೇ ಇನ್ ದ ಲೈಫ್’ ಮಾಡಿದರು. ಅದು ಆ ವರ್ಷ ಅತಿ ಹೆಚ್ಚು ಮಾರಾಟವಾದ ಜಾಝ್ ಆಲ್ಬಂಗಳಲ್ಲಿ ಒಂದು. ರಾತ್ರಿ ಪಾಳಿ ಮಾಡಿ ಫ್ಯಾಕ್ಟರಿಗೆ ಹೋಗ್ತಿದ್ದ ಮನುಷ್ಯ ಕೊನೆಗೂ ಗಿಟಾರ್‌ನಿಂದಲೇ ಮನೆ ನಡೆಸೋ ಹಾಗಾಯಿತು.

ವಿಮರ್ಶಕರಿಗೆ ಇದು ಹಿಡಿಸಲಿಲ್ಲ, ದುಡ್ಡಿಗೋಸ್ಕರ ಜಾಝ್ ಬಿಟ್ಟರು ಅಂದರು. ವೆಸ್ ಅದನ್ನು ಮುಚ್ಚಿಟ್ಟವರಲ್ಲ. ಈ ರೆಕಾರ್ಡುಗಳು ಪಾಪ್ ಸಂಗೀತ, ಹಾಗೇ ನೋಡಿ ಅನ್ನೋ ಅರ್ಥದಲ್ಲೇ ಮಾತಾಡಿದ್ದರು. 1968ರ ಜೂನ್ 15ರಂದು ಇಂಡಿಯಾನಾಪೊಲಿಸ್‌ನ ಮನೆಯಲ್ಲಿದ್ದಾಗ ಅವರಿಗೆ ಹೃದಯಾಘಾತ ಆಯಿತು, ಅಲ್ಲಿಗೆ ಮುಗಿಯಿತು. ಆಗ ಅವರಿಗೆ 45 ವರ್ಷ. ರಿವರ್‌ಸೈಡ್‌ನ ಮೊದಲ ಆಲ್ಬಂನಿಂದ ಅಲ್ಲಿಗೆ ಒಂಬತ್ತು ವರ್ಷವೂ ತುಂಬಿರಲಿಲ್ಲ.

ಅವರ ಆ ಕೊನೆಯ ದಾರಿಯಲ್ಲೇ ಆಮೇಲೆ ಜಾರ್ಜ್ ಬೆನ್ಸನ್ ನಡೆದರು. ಅವರ 1976ರ ‘ಬ್ರೀಝಿನ್’ ಲಕ್ಷಗಟ್ಟಲೆ ಮಾರಾಟವಾಯಿತು. 1980ರ ದಶಕದ ಕೊನೆಗೆ ರೇಡಿಯೋದವರು ಈ ಥರದ ಸಂಗೀತಕ್ಕೆ ಸ್ಮೂತ್ ಜಾಝ್ ಅಂತ ಹೆಸರಿಟ್ಟರು. ಅಂದ್ರೆ ನಮ್ಮ ಪ್ಲೇಲಿಸ್ಟ್‌ನ ಹೆಸರು ಹುಟ್ಟೋ ಹೊತ್ತಿಗೆ ವೆಸ್ ತೀರಿಕೊಂಡು ಸುಮಾರು 20 ವರ್ಷ ಆಗಿತ್ತು.

ಹಾಗಾದರೆ ಸೀನಿಯರ್ ಹೇಳಿದ್ದು ಸರಿನಾ? ಅರ್ಧ ಸರಿ. ಕೊನೆಯ ಆಲ್ಬಂಗಳಲ್ಲಿ ವೆಸ್‌ಗೆ ಸೋಲೋ ಬೆಳೆಸೋಕೆ ಜಾಗ ಕಮ್ಮಿ, ಅದು ನಮ್ಮ ಕಿವಿಗೂ ಗೊತ್ತಾಗುತ್ತೆ. ಆದರೆ ಆ ಹೆಬ್ಬೆರಳು ಅದೇ. ಆ ಆಲ್ಬಂ ಇಲ್ಲದಿದ್ದರೆ ನಾವು 1960ರದ್ದನ್ನು ಹುಡುಕಿಕೊಂಡು ಹೋಗ್ತಾನೇ ಇರಲಿಲ್ಲ. ಅದಕ್ಕೇ ನಾವು ಹೇಳೋದು, ವೆಸ್‌ರನ್ನು ಹಿಂದಿನಿಂದ ಮುಂದಕ್ಕೆ ಕೇಳಿ:

1. ಎ ಡೇ ಇನ್ ದ ಲೈಫ್ (1967). ಓದುವಾಗ ಹಾಕಿ. ಬೀಟಲ್ಸ್ ಹಾಡುಗಳಿವೆ, ರಾಗ ಗೊತ್ತಿರೋದರಿಂದ ಹೆದರಿಕೆ ಇಲ್ಲ. ಪಿಯಾನೋದಲ್ಲಿ ಹರ್ಬಿ ಹ್ಯಾನ್‌ಕಾಕ್, ಬೇಸ್‌ನಲ್ಲಿ ರಾನ್ ಕಾರ್ಟರ್ ಇದ್ದಾರೆ. ಲಿಫ್ಟ್ ಮ್ಯೂಸಿಕ್ ಅನ್ನೋ ಮೊದಲು ಇದನ್ನೂ ನೆನಪಿಡಿ.

2. ದಿ ಡೈನಾಮಿಕ್ ಡ್ಯುಯೋ (1966). ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಜೊತೆ. ಬೆಳಿಗ್ಗೆ ಎದ್ದ ತಕ್ಷಣ ಕೇಳೋಕೆ ಚೆನ್ನಾಗಿದೆ.

3. ಸ್ಮೋಕಿನ್ ಅಟ್ ದ ಹಾಫ್ ನೋಟ್ (1965). ವಿಂಟನ್ ಕೆಲಿ ಟ್ರಿಯೋ ಜೊತೆ. ಮೊದಲ ಎರಡು ಟ್ರ್ಯಾಕ್ ನ್ಯೂಯಾರ್ಕ್ ಕ್ಲಬ್‌ನಲ್ಲಿ ಲೈವ್. ಇಲ್ಲಿ ಪುಸ್ತಕ ಮುಚ್ಚಿಡಿ. ಪಾಪ್ ಆಲ್ಬಂ ಶುರುವಾದ ವರ್ಷವೇ ಅವರು ಹೀಗೂ ನುಡಿಸ್ತಿದ್ದರು ಅನ್ನೋದು ಇದರಿಂದ ಗೊತ್ತಾಗುತ್ತೆ.

4. ಫುಲ್ ಹೌಸ್ (1962). ಇದೂ ಲೈವ್, ಬರ್ಕ್ಲಿಯ ಸುಬೋ ಅನ್ನೋ ಜಾಗದಲ್ಲಿ. ಜಾನಿ ಗ್ರಿಫಿನ್ ಅವರ ಸ್ಯಾಕ್ಸೋಫೋನ್ ಜೊತೆ ಗಿಟಾರ್ ಪೈಪೋಟಿ.

5. ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್ (1960). ‘ಫೋರ್ ಆನ್ ಸಿಕ್ಸ್’, ‘ವೆಸ್ಟ್ ಕೋಸ್ಟ್ ಬ್ಲೂಸ್’ ಎರಡೂ ವೆಸ್ ಅವರದ್ದೇ ರಚನೆ. ಒಂಟಿ ಸ್ವರ, ಆಕ್ಟೇವ್, ಕಾರ್ಡ್ ಅನ್ನೋ ಆ ಮೂರು ಹಂತ ಎಲ್ಲೆಲ್ಲಿ ಬರುತ್ತೆ ಅಂತ ಹುಡುಕಿ.

1965ರಲ್ಲಿ ಅವರು ಯುರೋಪ್‌ಗೆ ಹೋದಾಗ ಅಲ್ಲಿನ ಟಿವಿಯವರು ತೆಗೆದ ವಿಡಿಯೋಗಳೂ ಉಳಿದಿವೆ. ಕಪ್ಪು-ಬಿಳುಪು. ಅಷ್ಟು ಕಷ್ಟದ್ದನ್ನು ನುಡಿಸ್ತಾ ಮನುಷ್ಯ ನಗ್ತಾ ಕೂತಿರ್ತಾರೆ. ಆ ಹೆಬ್ಬೆರಳನ್ನು ಒಮ್ಮೆ ನೋಡಿ.

ನಮ್ಮ ರೂಮಿನಲ್ಲಿ ಒಬ್ಬನ ಹಳೇ ಗಿಟಾರ್ ಒಂದು ವರ್ಷದಿಂದ ಬೀರು ಮೇಲೆ ಇತ್ತು. ಹೋದ ವಾರ ಕೆಳಗೆ ಇಳಿಸಿದ್ದೀವಿ. ಪಕ್ಕದ ರೂಮಿನವರು ಇನ್ನೂ ಬಾಗಿಲು ತಟ್ಟಿಲ್ಲ, ಯಾಕಂದ್ರೆ ನಾವೂ ಹೆಬ್ಬೆರಳಲ್ಲೇ ಮೀಟ್ತಿದ್ದೀವಿ. ಕೇಳಿ ಮುಗಿಸಿದವರು ಯಾವ ಆಲ್ಬಂ ಇಷ್ಟ ಆಯ್ತು ಅಂತ ಕ್ಲಬ್ ಮೀಟಿಂಗಿಗೆ ಬಂದು ಹೇಳಿ. ಸೀನಿಯರ್ ಜೊತೆ ನಮ್ಮ ವಾದ ಇನ್ನೂ ಮುಗಿದಿಲ್ಲ, ನಮ್ಮ ಕಡೆ ಜನ ಬೇಕು.