ಬಾಲಕೃಷ್ಣ: ಕಿವಿ ಕೇಳದಿದ್ದರೂ ಮಾತು ತಪ್ಪದ ನಟ



ವಿದ್ಯಾಭ್ಯಾಸಕ್ಕಾಗಿ ದುಡಿಯುವ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಸಿನಿಮಾ ನಟನೊಬ್ಬನ ಜೀವನ ಚರಿತ್ರೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಬಹುದು. ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಹೊಸದಲ್ಲ. ಅದನ್ನು ಇಲ್ಲಿ ಬಗೆಹರಿಸುವ ಉದ್ದೇಶವಿಲ್ಲ. ಕಿವಿ ಸರಿಯಾಗಿ ಕೇಳಿಸದ ಒಬ್ಬ ಬಡ ಹುಡುಗ, ಮಾತನ್ನೇ ನಂಬಿಕೊಂಡ ವೃತ್ತಿಯಲ್ಲಿ ಅರ್ಧ ಶತಮಾನ ನಿಂತ ಬಗೆಯನ್ನು ನೀವು ತಿಳಿಯಬೇಕು. ಅವನು ಕಟ್ಟಲು ಹೊರಟ ಸಂಸ್ಥೆಗೆ ಮುಂದೆ ಏನಾಯಿತು ಎಂಬುದನ್ನು ನಮ್ಮ ಸಂಘದ ಸದಸ್ಯರೂ ತಿಳಿಯಬೇಕು.

ಟಿ. ಎನ್. ಬಾಲಕೃಷ್ಣ ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಮನೆಯಲ್ಲಿ ಕಡುಬಡತನ. ಹೆತ್ತವರ ಆಸರೆಯಲ್ಲಿ ಬೆಳೆಯುವ ಭಾಗ್ಯವೂ ಅವರಿಗಿರಲಿಲ್ಲ. ಎಳವೆಯಲ್ಲೇ ಬೇರೆ ಮನೆಯ ಪಾಲಾದರು. ಇದು ಸಾಲದೆಂಬಂತೆ ಬಾಲ್ಯದಲ್ಲೇ ಶ್ರವಣಶಕ್ತಿಯೂ ಕುಂದಿತು. ತರಗತಿಯಲ್ಲಿ ಮೇಷ್ಟ್ರು ಹೇಳಿದ್ದು ಕೇಳಿಸದ ಹುಡುಗನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳುತ್ತಿದ್ದ ಕಾಲವದು. ಹೊಟ್ಟೆಪಾಡಿಗಾಗಿ ಬೋರ್ಡ್ ಬರೆಯುವ ಕೆಲಸ ಮಾಡಿದ ಅವರನ್ನು ಕೊನೆಗೆ ಕೈಬೀಸಿ ಕರೆದದ್ದು ವೃತ್ತಿ ರಂಗಭೂಮಿ.

ನಾಟಕ ಕಂಪನಿಯ ಜೀವನ ಸುಲಭದ್ದಾಗಿರಲಿಲ್ಲ. ಊರಿಂದೂರಿಗೆ ಪ್ರಯಾಣ, ರಾತ್ರಿಯಿಡೀ ಆಟ, ಮಳೆ ಬಂದರೆ ಕಲೆಕ್ಷನ್ ಇಲ್ಲ. ಆರು ತಿಂಗಳು ಮಳೆ ಕಾಣುವ ಕೊಡಗಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ಧ್ವನಿವರ್ಧಕಗಳೂ ಎಲ್ಲೆಡೆ ಇರಲಿಲ್ಲ. ಎದುರಿನವನ ಮಾತು ಮುಗಿದ ಕ್ಷಣದಲ್ಲೇ ತನ್ನ ಮಾತು ಹೊರಡಬೇಕು. ಒಂದು ಕ್ಷಣ ತಡವಾದರೂ ಪ್ರೇಕ್ಷಕರ ಶಿಳ್ಳೆ. ಹಾಗಿರುವಾಗ ಕಿವಿ ಕೇಳದವನು ನಟಿಸುವುದಾದರೂ ಹೇಗೆ?

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಗಮನವಿಡಿ. ಬಾಲಕೃಷ್ಣ ತಮ್ಮ ಪಾತ್ರದ ಮಾತನ್ನು ಮಾತ್ರ ಕಲಿಯುತ್ತಿರಲಿಲ್ಲ, ಎದುರು ಪಾತ್ರದ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ದೃಶ್ಯ ನಡೆಯುವಾಗ ಎದುರಿನ ನಟನ ತುಟಿಯ ಚಲನೆಯನ್ನೇ ನೋಡುತ್ತಾ, ಕೊನೆಯ ಪದ ಬಂತೆಂದು ಖಚಿತವಾದೊಡನೆ ತಮ್ಮ ಮಾತು ಹೇಳುತ್ತಿದ್ದರು. ಬೇರೆಯವರು ಒಂದು ಪಾಲು ಓದಿದರೆ ಇವರು ಎರಡು ಪಾಲು ಓದಬೇಕಿತ್ತು. ತೆರೆಯ ಮೇಲೆ ನೋಡಿದವರಿಗೆ ಈ ನಟನಿಗೆ ಕಿವಿ ಕೇಳದೆಂಬ ಸುಳಿವೇ ಸಿಗುತ್ತಿರಲಿಲ್ಲ.

1943ರಲ್ಲಿ ತೆರೆಕಂಡ ‘ರಾಧಾರಮಣ’ ಅವರನ್ನು ಬೆಳ್ಳಿತೆರೆಗೆ ತಂದಿತು. ಅದನ್ನು ನಿರ್ಮಿಸಿದವರು ಎಂ. ವಿ. ರಾಜಮ್ಮ. ಈ ರಾಜಮ್ಮನವರೂ ಅವರ ಜೊತೆಯ ಬಿ. ಆರ್. ಪಂತುಲು ಅವರೂ ಬೆಳೆದದ್ದು ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯಲ್ಲಿ. 1937ರಲ್ಲಿ ತೀರಿಕೊಂಡ ಪೀರ್ ಸಾಹೇಬರು ಕನ್ನಡ ರಂಗಭೂಮಿಯ ದೊಡ್ಡ ನಟರು. ಮುಸ್ಲಿಂ ಕಲಾವಿದರೊಬ್ಬರ ಕಂಪನಿಯಿಂದ ಬಂದವರು ಕಟ್ಟಿದ ಚಿತ್ರದಲ್ಲಿ ಬಾಲಕೃಷ್ಣರಿಗೆ ಮೊದಲ ಅವಕಾಶ ಸಿಕ್ಕಿತೆಂಬುದನ್ನು ನೀವು ಮರೆಯಬಾರದು. ಕನ್ನಡದ ಮನೆಯನ್ನು ಎಲ್ಲರೂ ಕೂಡಿ ಕಟ್ಟಿದ್ದಾರೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರ ಸುಮಾರಿಗೆ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು. ಕಲಾವಿದರಿಗೆ ಕೆಲಸವೇ ಇಲ್ಲದ ಸ್ಥಿತಿ. ಆಗ ಬಾಲಕೃಷ್ಣ, ರಾಜ್‌ಕುಮಾರ್, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಮತ್ತೆ ನಾಟಕದ ಬಣ್ಣ ಹಚ್ಚಿ ನಾಡಿನಲ್ಲಿ ಸುತ್ತಿದರು. ಆ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆರೆಗೆ ತಂದಿತು. ಒಬ್ಬೊಬ್ಬರಾಗಿ ಸೋಲುತ್ತಿದ್ದವರು ಒಟ್ಟಾದಾಗ ದಾರಿ ತೆರೆಯಿತು.

ಮುಂದಿನ ವರ್ಷಗಳಲ್ಲಿ ಬಾಲಕೃಷ್ಣರಿಲ್ಲದ ಕನ್ನಡ ಚಿತ್ರ ಅಪರೂಪ ಎನ್ನುವಂತಾಯಿತು. ಒಟ್ಟು 500ಕ್ಕೂ ಹೆಚ್ಚು ಚಿತ್ರಗಳು. ಕುತಂತ್ರದ ಮುದುಕ, ಜಿಪುಣ, ಊರಿಗೆ ಬೆಂಕಿ ಹಚ್ಚಿ ದೂರ ನಿಂತು ನೋಡುವ ಚಾಡಿಕೋರ, ನಗಿಸುವ ಪೆದ್ದ, ಕಣ್ಣಲ್ಲಿ ನೀರು ತರಿಸುವ ತಂದೆ, ಹೀಗೆ ಎಲ್ಲಕ್ಕೂ ಸೈ. 1972ರ ‘ಬಂಗಾರದ ಮನುಷ್ಯ’ದಲ್ಲಿ ನಾಯಕ ರಾಜೀವನ ಹಿತೈಷಿ ರಾಚೂಟಪ್ಪನಾಗಿ ಅವರು ಇಂದಿಗೂ ಜನರ ನೆನಪಿನಲ್ಲಿದ್ದಾರೆ. ನಾಯಕನ ಪಾತ್ರ ಅವರದಾಗಿರಲಿಲ್ಲ. ಸಿಕ್ಕಿದ ಪಾತ್ರ ಚಿಕ್ಕದೆಂದು ಅವರು ಕಡೆಗಣಿಸಿದ್ದೂ ಇಲ್ಲ. ಅಭಿಮಾನಿಗಳು ಅವರನ್ನು ಪ್ರೀತಿಯಿಂದ ಬಾಲಣ್ಣ ಎಂದು ಕರೆದರು.

ಕನ್ನಡ ಚಿತ್ರಗಳು ಕನ್ನಡ ನಾಡಿನಲ್ಲೇ ತಯಾರಾಗಬೇಕೆಂಬುದು ಬಾಲಕೃಷ್ಣರ ಕನಸು. 1960ರ ದಶಕದಲ್ಲಿ ಬೆಂಗಳೂರಿನ ಕೆಂಗೇರಿ ಬಳಿಯ ಮೈಲಸಂದ್ರದಲ್ಲಿ ಸರ್ಕಾರದಿಂದ ದೊರೆತ 20 ಎಕರೆ ಜಾಗದಲ್ಲಿ ಅವರು ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ದುಡಿದದ್ದನ್ನೆಲ್ಲ ಅದಕ್ಕೆ ಸುರಿದರು. ಆದರೆ ಹಣದ ಮುಗ್ಗಟ್ಟು ಅವರನ್ನು ಬಿಡಲಿಲ್ಲ. ಅಂದುಕೊಂಡ ರೀತಿಯಲ್ಲಿ ಸ್ಟುಡಿಯೋ ಬೆಳೆಯಲೇ ಇಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡರು.

2009ರ ಡಿಸೆಂಬರ್‌ನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲಿಯೇ ನಡೆದಾಗ ಆ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ಸ್ಮಾರಕದ ವಿಚಾರ ವರ್ಷಗಟ್ಟಲೆ ವಿವಾದವಾಗಿ, 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಸಮಾಧಿಯನ್ನು ನೆಲಸಮ ಮಾಡಲಾಯಿತು. ಸ್ಟುಡಿಯೋಗೆಂದು ಕೊಟ್ಟ ಜಾಗದ ಷರತ್ತುಗಳು ಪಾಲನೆಯಾಗಿಲ್ಲವೆಂದು ಸರ್ಕಾರ ಅದೇ ವರ್ಷ ಭೂಮಿಯನ್ನು ಹಿಂಪಡೆಯಲು ಮುಂದಾಯಿತು.

ಸಂಘದ ಸದಸ್ಯರೇ, ಒಂದು ಉದ್ದೇಶಕ್ಕೆ ಕೊಟ್ಟ ಜಾಗ ಆ ಉದ್ದೇಶಕ್ಕೇ ಉಳಿಯಬೇಕು ಎಂಬುದು ವಕ್ಫ್ ಮತ್ತು ಅಮಾನತ್‌ನ ಅರ್ಥ ಬಲ್ಲ ನಮಗೆ ಹೊಸ ಪಾಠವಲ್ಲ. ಛಲವಿದ್ದರೆ ಒಬ್ಬನೇ ದೊಡ್ಡ ನಟನಾಗಬಹುದು. ಬಾಲಕೃಷ್ಣ ಆಗಿ ತೋರಿಸಿದರು. ಸಂಸ್ಥೆಗೆ ಮಾತ್ರ ಒಬ್ಬನ ಛಲ ಸಾಲದು. ಲೆಕ್ಕ ಇಡುವವರು, ಪ್ರಶ್ನೆ ಕೇಳುವವರು, ಹೊಣೆ ಹೊರುವ ಮುಂದಿನ ತಲೆಮಾರು ಬೇಕು. ನಾಲ್ವರು ಕೂಡಿ ಕಟ್ಟಿದ ಕಲಾವಿದರ ಸಂಘ ಗೆದ್ದದ್ದನ್ನೂ ಒಬ್ಬರೇ ಹೊತ್ತ ಸ್ಟುಡಿಯೋ ಬಳಲಿದ್ದನ್ನೂ ಜೊತೆಗಿಟ್ಟು ನೋಡಿ. ನಮ್ಮ ಹಾಸ್ಟೆಲ್, ಶಾಲೆ, ವಿದ್ಯಾರ್ಥಿವೇತನ ನಿಧಿಗಳ ಬಗ್ಗೆ ಸಭೆ ಸೇರುವಾಗ ಇದು ನೆನಪಿರಲಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಿವಿ ಮಂದವಾದ ಮಗುವಿದ್ದರೆ ಅದನ್ನು ಮರೆಮಾಚಬೇಡಿ. ಬಾಲಕೃಷ್ಣರ ಬಾಲ್ಯದಲ್ಲಿ ಇಲ್ಲದ ನೆರವು ಈಗ ನಮ್ಮ ಹತ್ತಿರವೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣಯಂತ್ರ, ತರಬೇತಿ ಎಲ್ಲವೂ ದೊರೆಯುತ್ತವೆ. ಬೇಗ ಕರೆದೊಯ್ದಷ್ಟೂ ಒಳ್ಳೆಯದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರಿಗೆ ಮನೆಮಾತು ಬ್ಯಾರಿ, ಮಲಯಾಳಂ, ಉರ್ದು ಅಥವಾ ಕೊಡವ ತಕ್ಕ್. ಶಾಲೆಯ ವೇದಿಕೆಯಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಾತನಾಡಲು ನಾಲಿಗೆ ತಡವರಿಸಿದಾಗ, ಒಂದು ಮಾತೂ ಸರಿಯಾಗಿ ಕೇಳಿಸದೆ 500 ಚಿತ್ರಗಳಲ್ಲಿ ಮಾತನಾಡಿದ ಅರಸೀಕೆರೆಯ ಹುಡುಗನನ್ನು ನೆನೆಯಿರಿ. ನಿಮ್ಮ ಪಾಲಿನದನ್ನು ಎರಡು ಬಾರಿ ಓದಿಕೊಂಡು ವೇದಿಕೆ ಹತ್ತಿ.